ಸರ್ವರಿನ ಬಾಗಿಲಿಗೂ ಒಂದು ಆವಕ ಪುಸ್ತಕ

ಅಡಿಕೆ ಮೂಟೆ ಹೊತ್ತ ಲಾರಿಯ ನಂಬರು, ಬಂದ ಹೊತ್ತು, ಮೂಟೆಗಳ ಲೆಕ್ಕ ಇವು ಆವಕ ಪುಸ್ತಕಕ್ಕೆ ಏರದೆ ಮಾಲು ಗೋದಾಮಿನೊಳಗೆ ಇಳಿಯುವುದಿಲ್ಲ. ಸದಸ್ಯ ಬಾಂಧವರೆಲ್ಲ ಬಲ್ಲ ಈ ಕ್ರಮವು ಸಂಘಗಳ ಕಂಪ್ಯೂಟರುಗಳ ವಿಷಯದಲ್ಲಿಯೂ ಅಗತ್ಯವೆಂಬುದನ್ನು ಆಡಳಿತ ಮಂಡಳಿಗಳ ಗಮನಕ್ಕೆ ತರಬಯಸುತ್ತೇವೆ.

ಹತ್ತಿಪ್ಪತ್ತು ಕಂಪ್ಯೂಟರುಗಳಿರುವ ಕಡೆ ಒಂದೊಂದಕ್ಕೂ ಪೆನ್‌ಡ್ರೈವ್ ಹಿಡಿದು ಓಡಾಡುವ ಬದಲು, ಒಂದೇ ಸರ್ವರಿನಿಂದ ತಂತಿಯ ಮೂಲಕ ಲಿನಕ್ಸ್ ಮೊದಲಾದವನ್ನು ಅಳವಡಿಸುವ ಪದ್ಧತಿಯುಂಟು. ಇಂಟೆಲ್ ಕಂಪೆನಿ 1999ರಲ್ಲಿ ಹೊರತಂದ ಪಿಎಕ್ಸ್‌ಇ 2.1 ನಿಯಮಾವಳಿ ಇದಕ್ಕೆ ಬುನಾದಿ. ಅನುಕೂಲ ಬಹಳ, ಅಪಾಯವೂ ಅಷ್ಟೇ. ಕೇಳಿದ ಯಂತ್ರಕ್ಕೆಲ್ಲ ತಾನಾಗಿಯೇ ಅಳವಡಿಸುವಂತೆ ಸರ್ವರನ್ನು ಬಿಟ್ಟಿದ್ದರೆ, ನೆಟ್‌ವರ್ಕಿನಿಂದಲೇ ಮೊದಲು ಚಾಲೂ ಆಗುವಂತೆ ಹೊಂದಿಸಿದ ಲೆಕ್ಕಪತ್ರದ ಕಂಪ್ಯೂಟರೂ ಒಂದು ಬೆಳಿಗ್ಗೆ ಅದರ ಕೈಗೆ ಸಿಕ್ಕೀತು. ಡಿಸ್ಕನ್ನು ಅಳಿಸಿ ಹೊಸದಾಗಿ ಬರೆಯುವುದಷ್ಟೇ ಅದಕ್ಕೆ ಗೊತ್ತು. ಅಳಿಯುತ್ತಿರುವುದು ಸದಸ್ಯರ ಬಟವಾಡೆಯ ಲೆಕ್ಕವೆಂದು ಅದು ನೋಡುವುದಿಲ್ಲ.

ಬಂದವರು ಯಾರೆಂದು ತಿಳಿಯುವುದು ಹೇಗೆ? ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಲಾರಿಯ ನಂಬರಿನಂತೆ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಸಾಮಾನ್ಯವಾಗಿ ಮೊದಲ 6 ತಯಾರಕರ ಗುರುತು. ಚಾಲೂ ಆದ ಯಂತ್ರವು ಮೊದಲು ಡಿಎಚ್‌ಸಿಪಿ ಸೇವೆಯನ್ನು ತನಗೊಂದು ಐಪಿ ವಿಳಾಸ ಕೊಡೆಂದು ಕೇಳುತ್ತದೆ. ತಾನು ಪಿಎಕ್ಸ್‌ಇ ಗಿರಾಕಿಯೆಂದು ಹೇಳಿಕೊಂಡೇ ಕೇಳುವುದರಿಂದ ಮಾಮೂಲು ಯಂತ್ರಗಳಿಂದ ಅದನ್ನು ಬೇರ್ಪಡಿಸಬಹುದು. ಬಳಿಕ ಟಿಎಫ್‌ಟಿಪಿ ಮೂಲಕ ಚಾಲನೆಯ ಸಣ್ಣ ಕಡತವನ್ನೂ, ಆಮೇಲೆ ಹೆಚ್ಚಾಗಿ ಎಚ್‌ಟಿಟಿಪಿ ಮೂಲಕ ದೊಡ್ಡ ಕಡತಗಳನ್ನೂ ಒಯ್ಯುತ್ತದೆ.

ಈ ಮೂರು ಸೇವೆಗಳೂ ತಮ್ಮ ತಮ್ಮ ದಾಖಲೆ ಬರೆದಿಡುತ್ತವೆ. ತೊಡಕಿರುವುದು ಇಲ್ಲಿಯೇ. ಮ್ಯಾಕ್ ವಿಳಾಸ ಕಾಣುವುದು ಮೊದಲ ಪುಸ್ತಕದಲ್ಲಿ. ಉಳಿದೆರಡರಲ್ಲಿ ಸಾಮಾನ್ಯವಾಗಿ ಐಪಿ ಮಾತ್ರ. ಇಂದು ಒಂದು ಯಂತ್ರಕ್ಕೆ ಕೊಟ್ಟ ಐಪಿ ನಾಳೆ ಇನ್ನೊಂದಕ್ಕೆ ಹೋಗಬಹುದಾದ್ದರಿಂದ, ಹೊತ್ತನ್ನು ತಾಳೆ ಹಾಕಿಯೇ ಮೂರನ್ನೂ ಓದಬೇಕು. ಇವು ಬೇರೆ ಬೇರೆ ಸರ್ವರಿನಲ್ಲಿದ್ದರೆ ಗಡಿಯಾರಗಳು ಒಂದೇ ಸಮಯ ತೋರಿಸಲಿ. ವಿಳಾಸ ಪಡೆದ ಯಂತ್ರ ಕಡತ ಕೇಳದಿದ್ದರೆ ಕೆಲಸ ಶುರುವೇ ಆಗಿಲ್ಲ. ದೊಡ್ಡ ಕಡತಗಳು ಅರ್ಧಕ್ಕೆ ನಿಂತಿದ್ದರೆ ಯಾರಾದರೂ ಹೋಗಿ ಪರದೆಯನ್ನು ನೋಡಿ ಬರುವುದೇ ಲೇಸು.

ಅಳವಡಿಕೆ ಮುಗಿದುದು ಮಾತ್ರ ಈ ಮೂರರಲ್ಲಿಯೂ ಖಚಿತವಾಗಿ ಸಿಗದು. ಆದಕಾರಣ ಕೊನೆಯ ಹಂತದಲ್ಲಿ ಯಂತ್ರವೇ ಸರ್ವರಿಗೆ ‘ಮುಗಿಯಿತು’ ಎಂದು ವರದಿ ಕಳುಹಿಸುವಂತೆ ಒಂದು ಸಾಲು ಸೇರಿಸಿಡಬೇಕು. ಆ ವರದಿ ಬಂದೊಡನೆ ಯಂತ್ರದ ಹೆಸರು ಅಳವಡಿಕೆಯ ಪಟ್ಟಿಯಿಂದ ಹೊರಬೀಳಬೇಕು. ಇಲ್ಲವಾದರೆ ಮತ್ತೆ ಚಾಲೂ ಮಾಡಿದಾಗ ಮತ್ತೆ ಅಳಿಸುವ ಕೆಲಸ! ಕಾಬ್ಲರ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಏರ್ಪಾಡಿದೆ. ಪಟ್ಟಿಯಲ್ಲಿಲ್ಲದ ಯಂತ್ರ ಬಂದರೆ ಅದರ ವಿಳಾಸ ಬರೆದುಕೊಂಡು, ಸ್ವಂತ ಡಿಸ್ಕಿನಿಂದಲೇ ನಡೆಯೆಂದು ಕಳುಹಿಸುವುದು ಕ್ಷೇಮ.

ಮತ್ತೊಂದು ಮಾತು. ತೆಳು ಲ್ಯಾಪ್‌ಟಾಪುಗಳಿಗೆ ತಂತಿಯ ಕಿಂಡಿ ಇಲ್ಲದಿದ್ದಾಗ ಒಂದೇ ಯುಎಸ್‌ಬಿ ಅಡಾಪ್ಟರನ್ನು ಸರದಿಯಂತೆ ಚುಚ್ಚುವುದುಂಟು. ಆಗ ಐದು ಯಂತ್ರಗಳು ಒಂದೇ ಮ್ಯಾಕ್ ಹೆಸರಿನಲ್ಲಿ ಬಂದಂತೆ ದಾಖಲಾಗಬಹುದು. ಇಂಥಲ್ಲಿ ಪಿಎಕ್ಸ್‌ಇ ಕೋರಿಕೆಯಲ್ಲಿಯೇ ಬರುವ ಯುಯುಐಡಿ ಎಂಬ ಯಂತ್ರದ ಸ್ವಂತ ಸಂಖ್ಯೆಯನ್ನೂ ಪುಸ್ತಕಕ್ಕೆ ಸೇರಿಸಿಕೊಳ್ಳಬೇಕೆಂದು ನಮ್ಮ ಸಲಹೆ.