ಅಂಕಿತ ಹೇಳದ ಕೊಳಲು

ಗಂಗಾವತಿ ಸೀಮೆಯ ಆನೆಗೊಂದಿಯಲ್ಲಿ, ತುಂಗಭದ್ರೆಯ ನಡುಗಡ್ಡೆಯ ಮೇಲೆ ನವಬೃಂದಾವನವಿದೆ. ಅಲ್ಲಿರುವ ಒಂಬತ್ತು ಯತಿಗಳಲ್ಲಿ ವ್ಯಾಸರಾಯರೂ ಒಬ್ಬರು. ಯಮುನಾ ಕಲ್ಯಾಣಿಯಲ್ಲಿ ಎಲ್ಲರಿಗೂ ಪರಿಚಯವಾದ ಅವರ ಕೃಷ್ಣನ ಹಾಡನ್ನು ನುಡಿಸದ ಕೊಳಲುಗಾರರು ಕಡಿಮೆ. ಶಿಷ್ಯ ಪುರಂದರದಾಸರ ಪದಗಳಿಗಂತೂ ಕಛೇರಿಯಲ್ಲಿ ಖಾಯಂ ಜಾಗ. ಹೊಳೆಯ ಆಚೆ ಸೀಮೆಯ ಹರಪನಹಳ್ಳಿ ಭೀಮವ್ವ (1823–1903) ಮಾತ್ರ ಕೊಳಲಿಗೆ ಇನ್ನೂ ಅಪರೂಪ. ಹೆಳವನಕಟ್ಟೆ ಗಿರಿಯಮ್ಮ, ಗಲಗಲಿ ಅವ್ವ ಇವರ ಪಾಡೂ ಅಷ್ಟೇ.

ಹಾಡು ಸಿಗದೆ ಹೀಗಾದದ್ದಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಭಜನಾ ಮಂಡಳಿಗಳಲ್ಲಿ ಕೂತರೆ ಕಿವಿಗೆ ಬೀಳುತ್ತವೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಉರುಟಣೆ ಹಾಡು ಎಂದು ಮದುವೆ ಮನೆಯ ಒಂದೊಂದು ಗಳಿಗೆಗೂ ಒಂದೊಂದಿದೆ. 1997ರವರೆಗೆ ಈ ತಾಲ್ಲೂಕುಗಳೆಲ್ಲ ಸೇರಿದ್ದ ರಾಯಚೂರು ಜಿಲ್ಲೆ ಗೋಪಾಲದಾಸರ, ಜಗನ್ನಾಥದಾಸರ ನೆಲ. ಗಂಡಸರ ಪದ ಗುಡಿಯಿಂದ ವೇದಿಕೆಗೆ ಹೋಯಿತು. ಹೆಂಗಸರದು ಪಡಸಾಲೆಯಲ್ಲೇ ಉಳಿಯಿತು.

ಅದನ್ನು ಬಿದಿರಿಗೆ ತರಲು ಕೂತವರಿಗೆ ಮೊದಲ ಪೇಚು ಶ್ರುತಿಯದು. ಬಾನ್ಸುರಿ ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಬಿಳಿ ಮೂರರ ಕೊಳಲು. ಹಾಡು ಹೇಳಿಕೊಡುವ ಅಜ್ಜಿಗೆ ಶ್ರುತಿಪೆಟ್ಟಿಗೆಯ ಹಂಗಿಲ್ಲ, ಅವರು ಹಿಡಿದದ್ದೇ ಷಡ್ಜ. ಎರಡನೆಯ ಪೇಚು ಧಾಟಿ. ಬಹಳಷ್ಟು ಸಂಪ್ರದಾಯದ ಹಾಡುಗಳು ಐದಾರು ಸ್ವರಗಳೊಳಗೇ ಸುತ್ತುತ್ತವೆ. ಭೀಮವ್ವನ ನಳಚರಿತ್ರೆ, ಗಿರಿಯಮ್ಮನ ಚಂದ್ರಹಾಸನ ಕಥೆಯಂಥ ದೊಡ್ಡ ಹಾಡುಗಳಲ್ಲಿ ನುಡಿ ಮುಗಿದಂತೆ ಕಥೆ ಮುಂದೆ ಹೋಗುತ್ತದೆ, ಧಾಟಿ ನಿಂತಲ್ಲೇ ನಿಂತಿರುತ್ತದೆ. ಮಾತಿಲ್ಲದ ಕೊಳಲು ಅದನ್ನೇ ಹತ್ತು ಸಲ ನುಡಿಸಿದರೆ ಕೇಳುವವರು ಚಹಾಕ್ಕೆ ಎದ್ದಾರು! ಆದ್ದರಿಂದ ಎರಡು ಮೂರು ನುಡಿ ಅಜ್ಜಿ ಹೇಳಿದ ಹಾಗೆಯೇ ಊದಿ, ಆಮೇಲೆ ಅಲ್ಲಿ ಸುಳಿದ ರಾಗವನ್ನು ಬಿಡಿಸುವುದು ಮೇಲು. ಮೊದಲೇ ತಾನ್‌ಗಳನ್ನು ಸುರಿದರೆ ಹಾಡಿನ ಗುರುತೇ ಸಿಗುವುದಿಲ್ಲ.

ನನಗೆ ಕುತೂಹಲ ಇರುವುದು ಮೂರನೆಯದರಲ್ಲಿ. ಹರಿದಾಸರ ಹಾಡಿನಲ್ಲಿ ಕಟ್ಟಿದವರ ಗುರುತು ಕೊನೆಯ ನುಡಿಯ ಅಂಕಿತದಲ್ಲಿರುತ್ತದೆ. ಭೀಮೇಶಕೃಷ್ಣ ಎಂದು ಬಂದರೆ ಭೀಮವ್ವ, ಹೆಳವನಕಟ್ಟೆ ರಂಗ ಎಂದರೆ ಗಿರಿಯಮ್ಮ. ಕೊಳಲು ಅಂಕಿತ ಹೇಳಲಾರದು. ಪುರಂದರದಾಸರಿಗೆ ಅದರಿಂದ ನಷ್ಟವಿಲ್ಲ, ಪಲ್ಲವಿಯ ಎರಡು ಸ್ವರಕ್ಕೇ ಸಭೆ ತಲೆದೂಗುತ್ತದೆ. ಭೀಮವ್ವನ ಹೆಸರು ಮಾತ್ರ ಅಲ್ಲೇ ಕಳೆದುಹೋಗುತ್ತದೆ.

ಹೆಸರು ಹೋದ ಮೇಲೆ ಉಳಿಯುವುದು ಧಾಟಿ. ಅದು ಯಾರದು? ಪುಸ್ತಕದಲ್ಲಿ ಹಾಡಿನ ನೆತ್ತಿಯ ಮೇಲೆ ರಾಗ-ತಾಳ ಅಚ್ಚಾಗಿದ್ದರೂ, ಬಾಯಿಂದ ಬಾಯಿಗೆ ಬಂದ ಧಾಟಿ ಊರಿಗೊಂದು, ಮನೆಗೊಂದು. ಅದನ್ನು ತಿದ್ದಿ ತೀಡಿದವರು ತಾಯಂದಿರು, ಅತ್ತೆಯಂದಿರು, ಓಣಿಯ ಹಿರಿಯರು. ಗಾಯಕಿ ಹಾಡಿದಾಗ ಭೀಮವ್ವ ಎದುರಿಗೆ ಬರುತ್ತಾಳೆ, ಕೊಳಲು ಊದಿದಾಗ ಈ ಹೆಸರಿಲ್ಲದವರು. ಅಕ್ಕಮಹಾದೇವಿಯ ವಚನಗಳ ಕಥೆಯೇ ಬೇರೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನದಲ್ಲಿ ಮಾತು ಹನ್ನೆರಡನೇ ಶತಮಾನದ್ದು, ಸಂಗೀತ ಇಪ್ಪತ್ತನೆಯದು. ಅದನ್ನು ಬರೀ ಕೊಳಲಲ್ಲಿ ನುಡಿಸಿ ಅಕ್ಕನ ಸಂಗೀತ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಅಂಕಿತವೇ ಇಲ್ಲದ ಹಾಡುಗಳೂ ಇವೆ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ (1931) ಸಂಕಲನದಲ್ಲಿ ಅಂಥ ತ್ರಿಪದಿಗಳನ್ನು ಕೂಡಿಸಿದರು. ಕುಷ್ಟಗಿ, ಯಲಬುರ್ಗಾದ ಜೋಳದ ನಾಡಿನಲ್ಲೂ ಬೀಸುಕಲ್ಲಿನ ಮುಂದೆ ಹಾಡಿದವರು ಹೆಂಗಸರೇ. ಅಲ್ಲಿ ತಾಳ ಹಾಕುತ್ತಿದ್ದದ್ದು ಕಲ್ಲು. ಗಿರಣಿ ಬಂದ ಮೇಲೆ ತಾಳವೂ ಹೋಯಿತು. ಇವನ್ನು ನುಡಿಸುವಾಗ ತಬಲಾ ಜೋರು ಮಾಡಬಾರದು. ತೋಳು ಸುತ್ತುವ ನಿಧಾನಕ್ಕೆ ಉಸಿರು ಹೊಂದಬೇಕು.

ಪನ್ನಾಲಾಲ್ ಘೋಷ್ (1911–1960) ಬಾನ್ಸುರಿಯನ್ನು ಉದ್ದ ಮಾಡಿ, ಏಳನೆಯ ರಂಧ್ರ ಸೇರಿಸಿ ಖಯಾಲ್ ನುಡಿಸುವಂತೆ ಮಾಡಿದರು. ಪಡಸಾಲೆಯ ಹಾಡಿಗೆ ಅಷ್ಟು ಉದ್ದದ ಕೊಳಲೂ ಬೇಡ. ಚಿಕ್ಕ ಕೊಳಲು, ಫೋನಿನ ರೆಕಾರ್ಡರ್, ಹೇಳಿಕೊಡುವವರ ಮುಂದೆ ಕೂರುವ ತಾಳ್ಮೆ ಇದ್ದರೆ ಶುರು ಮಾಡಬಹುದು. ವೇದಿಕೆ ಏರಿದಾಗ ರಾಗದ ಹೆಸರಿಗೆ ಮುಂಚೆ ಎರಡು ಹೆಸರು ಹೇಳಿದರಾಯಿತು: ಹಾಡು ಕಟ್ಟಿದವಳದು, ಅವರು ಒಪ್ಪಿದರೆ ಧಾಟಿ ಕೊಟ್ಟ ಅಜ್ಜಿಯದು.