ಬೇಡವೆನ್ನುವ ಧೈರ್ಯ

ಹಿರಿಯರ ಮಾತಿಗೆ ಎದುರಾಡದವಳೇ ಒಳ್ಳೆಯ ಹುಡುಗಿಯೆಂದು ನಾವು ಬಹುಕಾಲ ಕಲಿಸುತ್ತ ಬಂದೆವು. ಇಲ್ಲಿ ಓದಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಅವರೂ ತಮ್ಮ ಮಕ್ಕಳಿಗೆ ಅದನ್ನೇ ಕಲಿಸುತ್ತಿರಬಹುದು. ವಿಧೇಯತೆಯು ಸದ್ಗುಣವೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಮಗುವಿಗೆ ಕೇಡುಮಾಡಬೇಕೆಂದಿರುವವನು ಬಾಯಿ ತೆರೆಯದ ವಿಧೇಯ ಮಗುವನ್ನೇ ಹುಡುಕುವನೆಂಬದನ್ನು ನಾವು ತಡವಾಗಿ ತಿಳಿದುಕೊಂಡೆವು.

ಕೆಲವು ವರುಷಗಳ ಕೆಳಗೆ ಎಂಟನೆಯ ತರಗತಿಯ ಒಬ್ಬ ಹುಡುಗಿಯು ಸಂಜೆಯ ಮನೆಪಾಠಕ್ಕೆ ಹೋಗಲೊಲ್ಲೆನೆಂದು ಅಳುತ್ತಿದ್ದಳು. ತಾಯಿಯು ಆಕೆಯನ್ನು ನಮ್ಮ ಬಳಿಗೆ ಕರತಂದು, "ಟೀಚರೇ, ನೀವಾದರೂ ಬುದ್ಧಿ ಹೇಳಿರಿ" ಎಂದು ಕೇಳಿಕೊಂಡರು. ನಾವೂ ಇದು ಸೋಮಾರಿತನವೆಂದೆಣಿಸಿ ಗದರಿಸಿದೆವು. ಆ ಮನೆಯಲ್ಲಿ ನಡೆಯುತ್ತಿದ್ದ ಸಂಗತಿಯು ನಾಲ್ಕು ತಿಂಗಳಾದ ಮೇಲೆ ಹೊರಬಿತ್ತು. ಅದುವರೆಗೆ ಆಕೆಯನ್ನು ಅಲ್ಲಿಗೆ ಅಟ್ಟಿದವರಲ್ಲಿ ನಾವೂ ಸೇರಿದ್ದೆವು.

ಅಪರಿಚಿತರ ಸಂಗಡ ಮಾತಾಡಬೇಡವೆಂಬ ಎಚ್ಚರಿಕೆಯೊಂದೇ ಸಾಲದು. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿತ್ತು. ಅವರಲ್ಲಿ ನೂರಕ್ಕೆ 53 ಮಂದಿ ಯಾವದಾದರೊಂದು ವಿಧದ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರು. ಹಾಗೆ ನಡೆದವರಲ್ಲಿ ಅರ್ಧದಷ್ಟು ಮಂದಿ ಮಗುವು ಬಲ್ಲವರೇ, ಮಗುವು ನಂಬಿದವರೇ ಆಗಿದ್ದರು. ಬಹುತೇಕ ಮಕ್ಕಳು ಯಾರೊಡನೆಯೂ ಹೇಳಿರಲಿಲ್ಲ. ಗುರಿಯಾದವರಲ್ಲಿ ಗಂಡುಮಕ್ಕಳ ಸಂಖ್ಯೆಯೇನೂ ಕಡಿಮೆಯಾಗಿರಲಿಲ್ಲವಾದುದರಿಂದ ನಮ್ಮ ಹುಡುಗಿಯರ ತಮ್ಮಂದಿರಿಗೂ ಈ ಪಾಠವು ಬೇಕು.

ಇಂಥವನು ಮೊದಲು ಬಲಾತ್ಕಾರದಿಂದ ಬರುವದಿಲ್ಲ. ಮಿಠಾಯಿ ಕೊಡುವನು, ಮೊಬೈಲು ಕೊಡುವನು, ತಾಯಿತಂದೆಗಳ ವಿಶ್ವಾಸವನ್ನು ಸಂಪಾದಿಸುವನು. ಆಮೇಲೆ, "ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳಕೂಡದು" ಎಂದು ಹೇಳುವನು. ಆದಕಾರಣ ಗುಟ್ಟಿನ ವಿಷಯವನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ಬಿಡಿಸಿ ಹೇಳಬೇಕು. ಅಪ್ಪನ ಹುಟ್ಟುಹಬ್ಬಕ್ಕೆ ತಂದ ಅಂಗಿಯನ್ನು ಎರಡು ದಿವಸ ಮುಚ್ಚಿಡುವದು ಸಂತೋಷದ ಗುಟ್ಟು, ಅದು ತಾನಾಗಿಯೇ ಬೈಲಾಗುವದು. ಎಂದೆಂದಿಗೂ ಹೇಳಕೂಡದೆಂಬ ಗುಟ್ಟನ್ನು ಯಾರೇ ಕೊಡಲಿ, ಅದನ್ನು ಆ ದಿನವೇ ಹೇಳಬೇಕು.

ದೇಹದ ಎಲ್ಲಾ ಅಂಗಗಳ ಹೆಸರುಗಳನ್ನು ನಾಚಿಕೆಯಿಲ್ಲದೆ ಕಲಿಸಿರಿ. ಹೆಸರೇ ತಿಳಿಯದ ಮಗುವು ಏನಾಯಿತೆಂದು ಹೇಗೆ ಹೇಳೀತು? ಒಳಉಡುಪು ಮುಚ್ಚುವ ಅಂಗಗಳನ್ನು ಸ್ನಾನ, ಶುಚಿತ್ವ, ಇಲ್ಲವೆ ತಾಯಿಯ ಎದುರಿನಲ್ಲಿ ವೈದ್ಯರ ಪರೀಕ್ಷೆ ಇವುಗಳ ಹೊರತು ಯಾರೂ ಮುಟ್ಟತಕ್ಕದ್ದಲ್ಲವೆಂದು ತಿಳಿಸಿರಿ. ಕೆಟ್ಟ ಸ್ಪರ್ಶವು ಯಾವಾಗಲೂ ನೋಯಿಸುವದಿಲ್ಲ, ಒಮ್ಮೊಮ್ಮೆ ಗಲಿಬಿಲಿಯನ್ನು ಮಾತ್ರ ಉಂಟುಮಾಡುವದು. ಆ ಗಲಿಬಿಲಿಯೇ ಹೇಳಲು ಸಾಕಾದ ಕಾರಣವೆಂಬದನ್ನೂ ತಿಳಿಸಿರಿ. ಬೇಡವೆಂದು ಗಟ್ಟಿಯಾಗಿ ಹೇಳುವದನ್ನು ನಮ್ಮ ತರಗತಿಗಳಲ್ಲಿ ಅಭ್ಯಾಸ ಮಾಡಿಸುತ್ತೇವೆ. ಮೊದಲನೆಯ ದಿನ ಹೆಚ್ಚಿನವರ ಗಂಟಲಿನಿಂದ ಸ್ವರವೇ ಹೊರಡುವದಿಲ್ಲ! ಮನೆಯಲ್ಲಿಯೂ, ಬಂದ ಮಾವನಿಗೆ ಮುತ್ತು ಕೊಡಲೊಲ್ಲದ ಮಗುವನ್ನು ಒತ್ತಾಯಪಡಿಸಬೇಡಿರಿ. ಕೈಮುಗಿದರೆ ಮರ್ಯಾದೆಗೆ ಕೊರತೆಯಿಲ್ಲ.

ಅಂಜಿಕೆಯಿಂದ ಮರಗಟ್ಟಿ, ಬೇಡವೆನ್ನಲಾರದೆ ಹೋದ ಮಗುವು ತಪ್ಪಿತಸ್ಥಳಲ್ಲ. ಆಕೆಯು ಹೇಳಿದಾಗ ಮೊದಲು ನಂಬಬೇಕು. "ಆಗಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆಯು ಬಾಯಿಗೆ ಬಂದರೂ ನುಂಗಿಕೊಳ್ಳಬೇಕು. ಪದೇ ಪದೇ ಕೆದಕದೆ, ನಿನ್ನ ತಪ್ಪಿಲ್ಲವೆಂದೂ ಹೇಳಿದ್ದು ಒಳ್ಳೇದಾಯಿತೆಂದೂ ತಿಳಿಸಬೇಕು.

ಮನೆತನದ ಮಾನಕ್ಕಾಗಿ ಮುಚ್ಚಿಡುವದು ಈಗ ನ್ಯಾಯಬಾಹಿರವೂ ಆಗಿದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯಿದೆಯು 18 ವರುಷದೊಳಗಿನ ಗಂಡುಹೆಣ್ಣು ಮಕ್ಕಳೆಲ್ಲರಿಗೂ ಅನ್ವಯಿಸುವದು. ಅಪರಾಧವನ್ನು ತಿಳಿದವನು ಪೊಲೀಸರಿಗೆ ತಿಳಿಸದಿದ್ದರೆ ಅವನಿಗೂ ಶಿಕ್ಷೆಯುಂಟು. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರುಷದ ವರೆಗೆ ಸೆರೆಮನೆ. ಠಾಣೆಯ ಹೆದರಿಕೆಯು ತಾಯಿತಂದೆಗಳಿಗೆ ಬೇಡ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಬರೆದುಕೊಳ್ಳಬಹುದು. ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರವನ್ನು ಧರಿಸಿರಬಾರದು. ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸಕೂಡದು.

ಹಗಲೂ ರಾತ್ರಿಯೂ ಹಣವಿಲ್ಲದೆ ಕರೆಮಾಡಬಹುದಾದ ಮಕ್ಕಳ ಸಹಾಯವಾಣಿಯ ಸಂಖ್ಯೆಯು 1098. ಮಗುವು ತಾನೇ ಕರೆಮಾಡಬಹುದು. ಮಗ್ಗಿಯ ಸಂಗಡ ಈ ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಿರಿ.