ಸೊಂಟದ ಅಳತೆ, ಸಕ್ಕರೆಯ ಸುಳಿವು

ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಚೀಲದಿಂದ ಮೊದಲು ಹೊರಬಂದದ್ದು ದರ್ಜಿಯ ಟೇಪು. ‘ಶುಗರ್ ನೋಡಾಕ್ ಬಂದು ಹೊಟ್ಟೆ ಅಳೀತೀಯಲ್ಲವ್ವ?’ ಎಂದರು ಜಗಲಿಯಲ್ಲಿದ್ದ ಯಜಮಾನರು. ‘ಉಸಿರು ಬಿಡಿ ಮಾವ, ಹೊಟ್ಟೆ ಒಳಕ್ಕೆ ಎಳ್ಕೋಬೇಡಿ’ ಎಂದ ಆಕೆ, ಉಸಿರು ಪೂರ್ತಿ ಹೊರಹೋಗುವ ತನಕ ಕಾದು ಓದಿದರು: 94 ಸೆಂ.ಮೀ.

ಕೃಶ ಕೈಕಾಲಿನ, ಹೊಲಗೆಲಸದ ಮನುಷ್ಯ. ‘ಮುದ್ದೆ ಉಣ್ಣೋನಿಗೆ ಎಂಥ ಶುಗರ್ರು’ ಎಂಬ ಧೈರ್ಯ ಬೇರೆ. ನನಗಂತೂ ಆ ಟೇಪಿನ ಮೇಲೆ ಬಹಳ ಪ್ರೀತಿ ಹುಟ್ಟಿತು. ಆಶಾ ತುಂಬುವ ಅಪಾಯದ ಪಟ್ಟಿಯಲ್ಲಿ ಸೊಂಟದ ಅಳತೆ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಅಂಕ ಏರುತ್ತದೆ. ವಯಸ್ಸು, ತಂಬಾಕು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲ ಸೇರಿ ಮೊತ್ತ 4 ಮೀರಿದವರ ತಪಾಸಣೆ ಮೊದಲು. ತೂಕದ ಯಂತ್ರ ಹೇಳದ್ದನ್ನು ಟೇಪು ಹೇಳುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ 22.3, ಮೈಯ ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇ 9.1, ಯಾಜ್ಞಿಕರಿಗೆ ಶೇ 21.2! ಸಣಕಲು ಮೈಯಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಅಡಗಿರುವುದು ನಮ್ಮವರ ದೇಹಗುಣ.

ಯಜಮಾನರ ಬೆರಳಿಗೆ ಸೂಜಿ ಚುಚ್ಚಿದಾಗ ಮೀಟರು 168 ತೋರಿಸಿತು. 140 ಮೀರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಚೀಟಿ ಬರೆದುಕೊಟ್ಟರು. ಚೀಟಿ ಜೇಬು ಸೇರಿತು. ‘ನಾಲೆ ನೀರು ಬಿಟ್ಟವ್ರೆ, ಆಮೇಲೆ ನೋಡಾನ.’

ನನ್ನ ಆತಂಕ ಈ ‘ಆಮೇಲೆ’ಯದ್ದೇ. 2010ರಲ್ಲಿ ಮಧುಮೇಹ, ಬಿಪಿಯಂಥ ಕಾಯಿಲೆಗಳ ತಡೆಗೆ ಕೇಂದ್ರದ ಕಾರ್ಯಕ್ರಮ ಶುರುವಾಯಿತು. 2024ರಲ್ಲಿ ಮನೆಬಾಗಿಲಲ್ಲೇ ತಪಾಸಣೆ ಮಾಡುವ ರಾಜ್ಯದ ‘ಗೃಹ ಆರೋಗ್ಯ’ ಕೋಲಾರದಿಂದ ಹೊರಟಿತು. 2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಮಧುಮೇಹ, ಬಿಪಿ, ಧೂಮಪಾನದಂಥ ಹಳೆಯ ಕಾರಣಗಳತ್ತಲೇ ಬೊಟ್ಟು ಮಾಡಿತು. ಭಯಬಿದ್ದು ಮೈಸೂರಿಗೆ ಓಡುವ ನಾವು ಊರಿನ ಉಪಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ. ಶಿಬಿರದಲ್ಲಿ ಎಷ್ಟು ಬೆರಳು ಚುಚ್ಚಿದೆವು ಎಂಬ ಅಂಕಿ ಪತ್ರಿಕೆಗೆ ಬರುತ್ತದೆ. ಚೀಟಿ ಪಡೆದವರಲ್ಲಿ ಎಷ್ಟು ಮಂದಿ ವೈದ್ಯರ ಮುಂದೆ ಕೂತರು, ಮೂರು ತಿಂಗಳಾದ ಮೇಲೂ ಮಾತ್ರೆ ನುಂಗುತ್ತಿದ್ದಾರೆಯೇ ಎಂಬ ಅಂಕಿಯೂ ತಾಲ್ಲೂಕುವಾರು ಬರಲಿ.

ಸಕ್ಕರೆ ಹೆಚ್ಚಿದ್ದರೂ ಮಧುಮೇಹದ ಮಟ್ಟ ಮುಟ್ಟದೆ ಗಡಿಯಲ್ಲಿರುವವರ ಪಾಡು ಇನ್ನೂ ಅನಾಥ. ಅವರಿಗೆ ಮಾತ್ರೆಯೂ ಇಲ್ಲ, ಚೀಟಿಯೂ ಇಲ್ಲ. ಆದರೆ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಗಡಿಯಲ್ಲಿದ್ದ 531 ಜನರ ಪೈಕಿ, ಬರೀ ಸಾಮಾನ್ಯ ಸಲಹೆ ಪಡೆದವರಲ್ಲಿ ಮೂರು ವರ್ಷದಲ್ಲಿ ಶೇ 55ರಷ್ಟು ಮಂದಿಗೆ ಮಧುಮೇಹ ಬಂತು, ನಡಿಗೆ, ಊಟದ ಬಗ್ಗೆ ಬೆನ್ನುಬಿದ್ದು ತಿದ್ದಿಸಿಕೊಂಡವರಲ್ಲಿ ಶೇ 39ಕ್ಕೆ ಇಳಿಯಿತು. ಹಾಗೆ ಬೆನ್ನುಬೀಳಲು ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಇದ್ದೇ ಇದ್ದಾರೆ. ಆ ಕೆಲಸಕ್ಕೆ ಪ್ರತ್ಯೇಕ ಸಮಯವನ್ನೂ ಗೌರವಧನವನ್ನೂ ಸರ್ಕಾರ ಕೊಡಬೇಕು.